ಬಣ್ಣದ ಬಾನಿಯಿಂದ ಬಾಣಂತಿ ಕೋಣೆಗೆ

ಅಳಲೆ ಬಾಗಲಕೋಟೆ ಸೀಮೆಯ ಮರವಲ್ಲ. ವರ್ಷಕ್ಕೆ ಸರಾಸರಿ 600 ಮಿ.ಮೀ. ಮಳೆಯನ್ನೂ ಕಾಣದ ಈ ಎರೆನೆಲದಲ್ಲಿ, ಬಾದಾಮಿ ಹುನಗುಂದದ ಮರಳುಗಲ್ಲಿನ ಗುಡ್ಡಗಳ ಕುರುಚಲಿನಲ್ಲಿ, ಜಾಲಿ, ಬೇವು, ತಂಗಡಿ ಬೆಳೆಯುತ್ತವೆ. ಅಳಲೆಯ ದೊಡ್ಡ ನೆಲೆ ಇರುವುದು ಪಡುವಣಕ್ಕೆ, ಖಾನಾಪುರ ಹಳಿಯಾಳದ ಕಡೆಯ ಕಾಡುಗಳಲ್ಲಿ. ಆದರೂ ಈ ಭಾಗದ ಬಾಣಂತಿ ಕೋಣೆಗಳಲ್ಲಿ ಸಾಣೆಕಲ್ಲಿನ ಪಕ್ಕದ ಪುಟ್ಟ ಚೀಲದಲ್ಲಿ ಬಜೆ, ಜಾಯಿಕಾಯಿ, ಅರಿಷಿಣಬೇರು, ಮಾಚಿಕಾಯಿಗಳ ಜೊತೆ ಅಳಲೆಕಾಯಿ ಇರುತ್ತಿತ್ತು. ಇದನ್ನು ನಾವು ‘ಮನೆಮದ್ದು’ ಎಂದು ಕರೆಯುತ್ತೇವೆ. ಕರೆಯುವಾಗ ಹಿತ್ತಲು, ಅಜ್ಜಿ, ಪರಂಪರೆ ಎಲ್ಲ ನೆನಪಾಗುತ್ತವೆ. ಹಿತ್ತಲಲ್ಲಿ ಬೆಳೆಯದ ಕಾಯಿ ಅಜ್ಜಿಯ ಚೀಲಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಅದು ಬಂದದ್ದು ಪೇಟೆಯಿಂದ. ಪೇಟೆಗೆ ಅದನ್ನು ಚೀಲಗಟ್ಟಲೆ ತರಿಸಿದವರು ವೈದ್ಯರಿಗಿಂತ ಹೆಚ್ಚಾಗಿ ಬಣ್ಣಗಾರರು, ಚರ್ಮ ಹದಮಾಡುವವರು ಎಂಬುದು ನನ್ನ ವಾದ.

ಮೊದಲು ಮದ್ದಿನ ವಿಷಯ. ಅಳಲೆಯಲ್ಲಿ ಎರಡು ಸರಕುಂಟು. ಒಂದು, ಬಲಿತು ಹಳದಿಗೆ ತಿರುಗಿದ ಮೇಲೆ ಕೊಯ್ದು ಒಣಗಿಸಿದ ದೊಡ್ಡ ಕಾಯಿ. ಇನ್ನೊಂದು, ಬೀಜ ಗಟ್ಟಿಯಾಗುವ ಮೊದಲೇ ಉದುರಿದ ಎಳೆಗಾಯಿ; ಒಣಗಿ ಕಪ್ಪಾಗಿ ಸುಕ್ಕುಗಟ್ಟಿದ ಇದನ್ನೇ ಬಾಲ ಹರಡೆ ಎನ್ನುವುದು. ಎಳೆಗಾಯಿಯನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಹುರಿದು ಪುಡಿಮಾಡಿ ಮಲಬದ್ಧತೆಗೆ ಕೊಡುತ್ತಿದ್ದರು. ಬಲಿತ ಕಾಯಿಯನ್ನು ನೀರಿನಲ್ಲೋ ಎದೆಹಾಲಿನಲ್ಲೋ ತೇಯ್ದು ಕೂಸಿಗೆ ನೆಕ್ಕಿಸುತ್ತಿದ್ದರು, ಕಷಾಯ ಮಾಡಿ ಬಾಯಿಹುಣ್ಣಿಗೆ, ವಸಡಿನ ರಕ್ತಕ್ಕೆ ಮುಕ್ಕಳಿಸುತ್ತಿದ್ದರು. ಎಳೆಗಾಯಿಯ ಒಗರನ್ನು ಮದ್ದಾಗಿಸುವ ಬುದ್ಧಿ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಯುರೋಪಿನ ಹಳ್ಳಿಗಳಲ್ಲಿ ಜೂನ್ ಕೊನೆಯ ಹೊತ್ತಿಗೆ, ಒಳಗಿನ ಚಿಪ್ಪು ಗಟ್ಟಿಯಾಗುವ ಮುನ್ನ, ಹಸಿರು ಅಕ್ರೋಟುಕಾಯಿ ಕೊಯ್ದು ಮದ್ಯದಲ್ಲಿ ನೆನೆಹಾಕಿ ಹೊಟ್ಟೆನೋವಿಗೆ ಕುಡಿಯುತ್ತಾರೆ. ಆ ಕಾಯಿ ಹೆಚ್ಚಿದವರ ಕೈಗೆ ಹತ್ತಿದ ಕಂದು ಕಲೆ ದಿನಗಟ್ಟಲೆ ಹೋಗುವುದಿಲ್ಲ. ಅದೇ ಸಿಪ್ಪೆಯಿಂದ ಅಲ್ಲಿ ಉಣ್ಣೆಗೂ ಕೂದಲಿಗೂ ಬಣ್ಣ ಹಾಕಿದ್ದಾರೆ. ಹಸಿ ಅಕ್ರೋಟು ಬಾಗಲಕೋಟೆಯವರೆಗೆ ಎಂದೂ ಬರಲಿಲ್ಲ, ಒಣಗಿದ್ದು ಮಾತ್ರ ಬಂತು. ಆದರೆ ಬಣ್ಣ ಹಿಡಿಯುವ ಕಾಯಿಯೇ ಮದ್ದೂ ಆಗುವ ಆ ನಂಟು ಇಲ್ಲಿ ಅಳಲೆಯಲ್ಲಿದೆ.

ಬಣ್ಣದವರಿಗೆ ಅಳಲೆ ಏಕೆ ಬೇಕಾಗಿತ್ತು? ಹತ್ತಿನೂಲು ಮಡ್ಡಿಬೇರಿನ ಕೆಂಪನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ. ನಡುವೆ ಪಟಿಕ ಬೇಕು. ಪಟಿಕ ಹತ್ತಿಯ ಮೇಲೆ ನಿಲ್ಲಬೇಕಾದರೆ ನೂಲನ್ನು ಮೊದಲು ಒಗರಿನ ನೀರಿನಲ್ಲಿ ಅದ್ದಿರಬೇಕು. ಅದೇ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿದರೆ ಬರೆಯುವ ಮಸಿ. ಹೀಗೆ ದಖ್ಖನಿನ ಬಣ್ಣಗಾರರ ಬಾನಿಗಳಿಗೂ ಲೆಕ್ಕ ಬರೆಯುವವರ ದೌತಿಗೂ ಬೇಕಾದದ್ದು ಒಂದೇ ಕಾಯಿ. ಇಲಕಲ್, ಗುಳೇದಗುಡ್ಡಗಳಂಥ ನೇಯ್ಗೆಯ ಊರುಗಳಲ್ಲಿ ಇಂಥ ಸರಕು ಅಪರೂಪದ ಔಷಧಿಯಾಗಿರಲು ಸಾಧ್ಯವಿರಲಿಲ್ಲ, ದಿನಬಳಕೆಯ ವಸ್ತುವಾಗಿತ್ತು. ಚರ್ಮದ ಕೆಲಸವನ್ನೂ ಮರೆಯಬಾರದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಬಾಗಲಕೋಟೆ ಅವುಗಳಲ್ಲಿ ಒಂದು. ಆ ಚಪ್ಪಲಿಯ ಚರ್ಮವನ್ನು ಹಳೆಯ ಕ್ರಮದಲ್ಲಿ ಹದಮಾಡುವುದು ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಿಂದ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಆ ರಸ ತುಂಬಿ, ತೂಗುಹಾಕುತ್ತಿದ್ದರು. ಈ ಕಸುಬನ್ನು ಊರಾಚೆ ಇಟ್ಟ ಸಮಾಜವೇ ಆ ಕಸುಬಿನ ಕಾಯಿಯನ್ನು ಕೂಸಿನ ನಾಲಿಗೆಗೆ ಇಟ್ಟಿತು. ಈ ವಿಪರ್ಯಾಸವನ್ನು ನಮ್ಮ ಮನೆಮದ್ದಿನ ಪುಸ್ತಕಗಳು ಗಮನಿಸಿಲ್ಲ.

ದೂರದ ಔಷಧದ್ರವ್ಯ ಈ ನೆಲಕ್ಕೆ ಬರುವುದು ಹೊಸದೇನೂ ಅಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯೇ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಮೂಲನೆಲೆ. ಶಿಕಾರಿಪುರ ಭಾಗದ 11ನೇ ಶತಮಾನದ ಒಂದು ಶಾಸನ ಅವರ ಸರಕುಗಳನ್ನು ಹೊಗಳುವಾಗ ಆನೆ, ಕುದುರೆ, ರತ್ನಗಳ ಜೊತೆಗೆ ಏಲಕ್ಕಿ, ಲವಂಗ, ಗುಗ್ಗುಳ, ಚಂದನ, ಕರ್ಪೂರ, ಕಸ್ತೂರಿ ಮತ್ತು ಔಷಧಿಗಳನ್ನು ಹೇಳುತ್ತದೆ. ಇಂಗ್ಲಿಷರ ಕಾಲಕ್ಕೆ ಬಂದರೆ ವ್ಯಾಪಾರದ ಗಾತ್ರವೇ ಬೇರೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಅಳಲೆಕಾಯಿ ಇಂಗ್ಲೆಂಡಿನ ಚರ್ಮದ ಕಾರ್ಖಾನೆಗಳಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ಅಲ್ಲಿನ ದಲಾಲರು ಭೀಮಲಿ, ಜಬ್ಬಲಪುರ, ರಾಜಾಪುರ, ವೆಂಗುರ್ಲಾ ಎಂದು ಊರಿನ ಹೆಸರಿನಲ್ಲೇ ಕಾಯಿಯ ದರ್ಜೆ ಕಟ್ಟುತ್ತಿದ್ದರು. ವೆಂಗುರ್ಲಾ ಘಟ್ಟದ ಕೆಳಗಿನ ಬಂದರು. ಬೆಳಗಾವಿಯ ಮೇಲಿನ ಬಯಲುಸೀಮೆಯ ಸರಕೂ ಅಲ್ಲಿಗೆ ಇಳಿಯುತ್ತಿತ್ತು. 1880ರ ದಶಕದಲ್ಲಿ ಗದಗ–ಹೊಟಗಿ ರೈಲುಮಾರ್ಗ ಬಾದಾಮಿ, ಬಾಗಲಕೋಟೆಗಳ ಮೇಲೆ ಹಾದ ನಂತರ ಚೀಲ ತರಿಸುವುದು ಇನ್ನಷ್ಟು ಸುಲಭವಾಯಿತು. ಸಗಟಿನ ಚೀಲ ಇಳಿಯುವ ಪೇಟೆಯಲ್ಲಿ ಕಿರಾಣಿ ಅಂಗಡಿಯವನು ಬಿಡಿಯಾಗಿ ನಾಲ್ಕು ಕಾಯಿ ಮಾರಲು ದೊಡ್ಡ ಬಂಡವಾಳವೇನೂ ಬೇಕಿರಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಆಯುರ್ವೇದದ ಕಡೆಯಿಂದ ಬರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ಅಳಲೆ ಮತ್ತು ನೆಲ್ಲಿಯ ರಸಾಯನದಿಂದ. ಬೌದ್ಧರ ವಿನಯಪಿಟಕ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ಔಷಧಫಲಗಳಲ್ಲಿ ಇದನ್ನು ಹೆಸರಿಸುತ್ತದೆ. ಕನ್ನಡದಲ್ಲೂ 1025ರ ಹೊತ್ತಿಗೆ ಚಾವುಂಡರಾಯನ ‘ಲೋಕೋಪಕಾರ’ ಅಡುಗೆ, ಬೇಸಾಯಗಳ ಜೊತೆ ವೈದ್ಯವನ್ನೂ ಜನಬಳಕೆಯ ವಿದ್ಯೆಯಾಗಿ ಹೇಳಿತ್ತು. ಹಾಗಿದ್ದರೆ ವ್ಯಾಪಾರಕ್ಕಿಂತ ಶಾಸ್ತ್ರವೇ ಹಿಂದಿನದಲ್ಲವೇ? ಹಿಂದಿನದು ಹೌದು. ಆದರೆ ಯಾವುದು ಹಿಂದಿನದು ಎಂಬುದು ನಾನು ಕೇಳುತ್ತಿರುವ ಪ್ರಶ್ನೆಯಲ್ಲ. ಶಾಸ್ತ್ರ ಹೊಗಳಿದ್ದೆಲ್ಲ ಮನೆಮದ್ದಾಗಲಿಲ್ಲ. ಜೀವಕ, ಋಷಭಕ, ಮೇದಾ, ಮಹಾಮೇದಾ ಮುಂತಾದ ಅಷ್ಟವರ್ಗವನ್ನು ಶಾಸ್ತ್ರ ಬಾಯಿತುಂಬ ಹೊಗಳಿದೆ. ಹಿಮಾಲಯದ ಆ ಗೆಡ್ಡೆಗಳು ಸಿಗದ ಕಾರಣ, ಬದಲಿಗೆ ಶತಾವರಿ, ಅಶ್ವಗಂಧ ಹಾಕಿರೆಂದು ನಂತರದ ಗ್ರಂಥಗಳೇ ಹೇಳಬೇಕಾಯಿತು. ಬಾದಾಮಿಯ ಯಾವ ಅಜ್ಜಿಯ ಚೀಲದಲ್ಲೂ ಋಷಭಕ ಇರಲಿಲ್ಲ. ಹೊಗಳಿಕೆ ವೈದ್ಯನಿಗೆ ಸಾಕು. ಮನೆಗೆ ಕಡಿಮೆ ಬೆಲೆಯ, ಸದಾ ಸಿಗುವ ಸರಕು ಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಳಲೆಯ ಒಗರು, ಅಂದರೆ ಟ್ಯಾನಿನ್, ತೊಗಲಿನ ಪ್ರೊಟೀನನ್ನು ಬಿಗಿಮಾಡುತ್ತದೆ. ವಸಡನ್ನೂ ಹುಣ್ಣನ್ನೂ ಬಿಗಿಯುವುದು ಅದೇ ಗುಣ. ಹಾಗಾದರೆ ಬಣ್ಣದ ಬಾನಿಯಲ್ಲೂ ಮದ್ದಿನ ಚೀಲದಲ್ಲೂ ಒಂದೇ ಕಾಯಿ ಸಿಕ್ಕಿದ್ದು ರಸಾಯನದ ಕಾರಣಕ್ಕೆ, ವ್ಯಾಪಾರದ ಕಾರಣಕ್ಕಲ್ಲ ಎನ್ನಬಹುದು. ಜಾಲಿ ತೊಗಟೆ, ತಂಗಡಿ, ದಾಳಿಂಬೆ ಸಿಪ್ಪೆಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಅವು ಮನೆ ಬಾಗಿಲಲ್ಲೇ ಇದ್ದವು, ಅವಕ್ಕೆ ಪೇಟೆಯ ಹಂಗಿಲ್ಲ. ಆದರೆ ಮಾಚಿಕಾಯಿಯನ್ನು ನೋಡಿ. ಅದು ಕಾಯಿಯೇ ಅಲ್ಲ. ತುರ್ಕಿ, ಇರಾನ್ ಕಡೆಯ ಓಕ್ ಮರದ ಮೇಲೆ ಒಂದು ಬಗೆಯ ಕಣಜ ಮೊಟ್ಟೆ ಇಟ್ಟಾಗ ಏಳುವ ಗಂಟು. ಮಸಿ ಮಾಡುವವರಿಗೂ ಬಣ್ಣಗಾರರಿಗೂ ಬೇಕಾಗಿ ಸಮುದ್ರ ದಾಟಿ ಬಂದ ಆ ಗಂಟು ನಮ್ಮ ಬಾಣಂತನದ ಸಾಮಾನಿನ ಪಟ್ಟಿಯಲ್ಲಿ ಸೇರಿದೆ. ಪಟಿಕ, ಅನ್ನಭೇದಿ, ಕಾಚು ಇವುಗಳ ಕಥೆಯೂ ಇದೇ. ರಸಾಯನ ಹೇಳುವುದು ಈ ವಸ್ತು ಏಕೆ ಕೆಲಸ ಮಾಡುತ್ತದೆ ಎಂದು. ಒಗರಿನ ಗಿಡ ಊರ ತುಂಬ ಇದ್ದರೂ ದೂರದ ವಸ್ತು ಮನೆಯೊಳಗೆ ಬಂದದ್ದೇಕೆ ಎಂದು ಹೇಳಬೇಕಾದವನು ಅಂಗಡಿಯವನು.

ಹಾಗಾದರೆ ಬಣ್ಣದ ವ್ಯಾಪಾರ ಕುಸಿದ ಮೇಲೂ ಅಳಲೆಕಾಯಿ ಉಳಿದದ್ದು ಹೇಗೆ ಎಂದು ಕೇಳುವವರಿದ್ದಾರೆ. 1869ರಲ್ಲಿ ಮಡ್ಡಿಯ ಕೆಂಪಿಗೆ, 1897ರಲ್ಲಿ ನೀಲಿಗೆ ಕಾರ್ಖಾನೆಯ ಬದಲಿ ಬಂತು. ಚರ್ಮಕ್ಕೆ ಕ್ರೋಮ್ ಬಂತು. ಕಾಯಿ ಉಳಿಯಿತು, ನಿಜ. ಆದರೆ ಉಳಿದ ರೀತಿ ಬೇರೆ. ಚೀಲದಿಂದ ಆರಿಸಿ, ಅಲ್ಲಾಡಿಸಿ, ನೀರಿನಲ್ಲಿ ಮುಳುಗುತ್ತದೆಯೇ ಎಂದು ನೋಡಿ ಕೊಳ್ಳುವ ಕಾಯಿ ಹೋಗಿ, ತ್ರಿಫಲಾ ಚೂರ್ಣದ ಡಬ್ಬಿ ಬಂದಿದೆ. ಬಾಲ ಹರಡೆಗೂ ಬಲಿತದ್ದಕ್ಕೂ ಇರುವ ವ್ಯತ್ಯಾಸ ಡಬ್ಬಿಯಲ್ಲಿ ಕಾಣುವುದಿಲ್ಲ. ಪೇಟೆ ಬದಲಾದಂತೆ ಮನೆಮದ್ದೂ ಬದಲಾಯಿತು ಎಂದಾಯಿತು. ಇದು ನನ್ನ ವಾದಕ್ಕೆ ಬಲವೇ ಹೊರತು ವಿರೋಧವಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಇತಿಹಾಸ ಉದ್ದವಿದೆ ಎಂಬ ಕಾರಣಕ್ಕೆ ಮದ್ದು ನಿರಪಾಯವಾಗುವುದಿಲ್ಲ. ಆರು ತಿಂಗಳ ತನಕ ಕೂಸಿಗೆ ಎದೆಹಾಲಿನ ಹೊರತು ಏನೂ ಬೇಡ ಎಂಬುದು ಇಂದಿನ ವೈದ್ಯಕೀಯದ ಮಾತು. ತೊಳೆಯದ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಪದ್ಧತಿ ನಿಲ್ಲುವುದೇ ಒಳ್ಳೆಯದು.

ಮನೆಮದ್ದಿನ ಚರಿತ್ರೆ ಬರೆಯುವವರು ಓಲೆಗರಿಯ ವೈದ್ಯಗ್ರಂಥಗಳನ್ನು ಹುಡುಕಿದಷ್ಟೇ ಶ್ರದ್ಧೆಯಿಂದ ವ್ಯಾಪಾರಿಗಳ ಕಿರ್ದಿ, ಖಾತೆ ಪುಸ್ತಕಗಳನ್ನೂ ಹುಡುಕಬೇಕು. ಯಾವ ಸರಕು ಎಲ್ಲಿಂದ, ಎಷ್ಟಕ್ಕೆ, ಯಾರಿಗಾಗಿ ಬಂತು ಎಂಬುದು ಇರುವುದು ಅಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಬಹುಭಾಗ ಖಾಲಿಯಾದಾಗ ಅಂಗಡಿಗಳ ಜೊತೆ ಇಂಥ ಕಾಗದವೂ ಚದುರಿತು. ನವನಗರದ, ವಿದ್ಯಾಗಿರಿಯ ಮನೆಗಳ ಅಟ್ಟದ ಮೇಲೆ ಒಂದಷ್ಟು ಇನ್ನೂ ಇರಬಹುದು. ವಿದ್ಯಾಗಿರಿ ಬೆಳೆದದ್ದೇ 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಕಾಲೇಜುಗಳ ಸುತ್ತ. ಊರಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೂ ಇದೆ. ಅಂಥ ಪುಸ್ತಕ ಮನೆಯಲ್ಲಿದ್ದವರು ರದ್ದಿಗೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಒಮ್ಮೆ ತೋರಿಸಿ.