ತಲಪರಿಗೆ: ಕೆಸರು ನಮ್ಮದು, ನೀರು ಯಾರದು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂದರೆ ಓದಿದವರಿಗೆ ನೆನಪಾಗುವುದು ಕೋಟೆ, ಪಾಳೆಯಗಾರರು, ಸಿರಾದ ಮೊಗಲ್ ಸುಬೇದಾರರು. ನಾವು ಹೇಳಹೊರಟಿರುವುದು ಈ ನಾಲ್ಕು ತಾಲ್ಲೂಕುಗಳ ನೆಲದೊಳಗಿನ ಚರಿತ್ರೆ. ಅದರ ಹೆಸರು ತಲಪರಿಗೆ.

ಮರಳು ನೆಲದಲ್ಲಿ, ಹಳ್ಳದ ದಂಡೆಯಲ್ಲಿ, ಕೆರೆಯಂಗಳದಲ್ಲಿ ಸ್ವಲ್ಪ ಆಳ ಅಗೆದರೆ ತಾನಾಗಿ ಒಸರುವ ಊಟೆ ಅದು. ಅಲ್ಲಿಂದ ಕಾಲುವೆ ತೆಗೆದು ನೀರನ್ನು ಗದ್ದೆಗೆ ಹರಿಸುತ್ತಿದ್ದರು. ಕೆರೆ ಬತ್ತಿದ ಮೇಲೂ ತಲಪರಿಗೆ ಬತ್ತುತ್ತಿರಲಿಲ್ಲ. ಬರದ ಸೀಮೆಯಲ್ಲಿ ಭತ್ತ ಬೆಳೆದದ್ದು ಹೀಗೆ. ಬಿ.ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲೂ ಇದರ ಮಾತಿದೆ.

ಊಟೆ ತಾನಾಗಿ ಬರುತ್ತದೆ, ತಾನಾಗಿ ಉಳಿಯುವುದಿಲ್ಲ. ವರ್ಷ ವರ್ಷ ಹೂಳೆತ್ತಬೇಕು, ಜೊಂಡು ಕೀಳಬೇಕು, ಕಾಲುವೆ ಸರಿಮಾಡಬೇಕು. ಅಚ್ಚುಕಟ್ಟಿನಲ್ಲಿ ಜಮೀನಿದ್ದವರು ಮನೆಗೊಂದಾಳು ಬರಬೇಕು. ಬಾರದವರಿಗೆ ದಂಡ. ಕೆಲಸ ಮುಗಿದ ಮೇಲೆ ಗಂಗಮ್ಮನ ಪೂಜೆ, ಊಟ. ನೀರು ಸರದಿಯ ಮೇಲೆ. ಸರ್ಕಾರಕ್ಕೆ ಕಾಯದೆ ನಡೆದ ಕೆಲಸ ಇದು. ದೊಡ್ಡ ವಿದ್ಯೆಯೇ, ಒಪ್ಪುತ್ತೇವೆ.

ಆದರೆ ಗೆಳೆಯರೇ, ‘ಊರೆಲ್ಲ ಒಂದಾಗಿ ಕಾಪಾಡಿತು’ ಎಂದು ಬರೆಯುವವರಿಗೆ ನಮ್ಮದೊಂದು ಪ್ರಶ್ನೆ. ಆ ‘ಊರೆಲ್ಲ’ದೊಳಗೆ ಕೇರಿ ಇತ್ತೆ? ಜಮೀನಿದ್ದವನಿಗೆ ನೀರಿನ ಪಾಲು. ಜಮೀನಿಲ್ಲದವನಿಗೆ? ಬಹಳ ಊರುಗಳಲ್ಲಿ ನೀರು ಬಿಡುವ ನೀರಗಂಟಿ ಕೇರಿಯವನೇ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ನಮ್ಮಜ್ಜಿ ಹೇಳ್ತಿದ್ಲು: “ಹೂಳೆತ್ತಾಕೆ ನಿಮ್ತಾತ ಸೊಂಟದ್ಮಟ್ಟ ಇಳೀತಿದ್ದ, ಆಗ ಮೈಲಿಗೆ ಇರ್ಲಿಲ್ಲ ಕಣಪ್ಪ. ನೀರು ತಿಳಿಯಾದ್ಮೇಲೆ ನಾನು ಬಿಂದಿಗೆ ತಗಂಡು ಹೋದ್ರೆ ದೂರ ನಿಂತ್ಕಳಮ್ಮಿ ಅನ್ನೋರು.” 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದದ್ದು ಇಂಥ ಕಟ್ಟಳೆಯನ್ನು ಮುರಿಯುವುದಕ್ಕೇ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ತೋಟಿ, ತಳವಾರ, ನೀರಗಂಟಿಯ ವಂಶಪಾರಂಪರ್ಯ ಚಾಕರಿ ಹೋಯಿತು. ಹೋದದ್ದು ಒಳ್ಳೆಯದೇ. ಚಾಕರಿಯ ಇನಾಂ ಭೂಮಿ ಮರುಮಂಜೂರಾಗಬೇಕಿತ್ತು. ದಲಿತರ ಮಂಜೂರಾತಿ ಜಮೀನು ಪರಭಾರೆಯಾಗದಂತೆ 1978ರಲ್ಲಿ ಬಂದ ಕಾಯ್ದೆಯೋ, ವಂಶಪಾರಂಪರ್ಯ ಹುದ್ದೆಗಳ ಭೂಮಿಯನ್ನು ಹೊರಗಿಟ್ಟಿತು. ನೀರು ಹಂಚಿದವನ ನೆಲಕ್ಕೆ ಆ ಕಾವಲೂ ಸಿಗಲಿಲ್ಲ.

ಆಮೇಲೆ ಬೋರ್‌ವೆಲ್ ಬಂತು. ದುಡ್ಡಿದ್ದವನು ತನ್ನ ಹೊಲದಲ್ಲಿ ಕೊರೆಸಿದ. ನೂರಡಿ, ಐನೂರಡಿ, ಸಾವಿರ ಅಡಿ. ಮೇಲ್ಪದರದ ಊಟೆಗಳು ಒಂದೊಂದಾಗಿ ಬತ್ತಿದವು. ನೀರೇ ಇಲ್ಲದ ಮೇಲೆ ಸರದಿ ಯಾವುದು, ದಂಡ ಯಾವುದು? ಪಾವಗಡದ ಕಡೆ ಆಳದ ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದಿತು, ದುಡಿಯುವವರ ಮೂಳೆ ಬಾಗಿತು. ಬಾಟಲಿ ನೀರು ಕೊಳ್ಳಲಾರದ ಮನೆಗಳು ಯಾವುವು ಎಂದು ಬಿಡಿಸಿ ಹೇಳಬೇಕೆ?

ಈಗ ಕೆಲವು ಕಡೆ ತಲಪರಿಗೆಗೆ ಮತ್ತೆ ಗುದ್ದಲಿ ಬಿದ್ದಿದೆ. ಸಂತೋಷ. ನಾವೂ ಬರುತ್ತೇವೆ. ಆದರೆ ಹೂಳಿನ ಜೊತೆ ಹಳೆಯ ಕಟ್ಟಳೆಯನ್ನೂ ಎತ್ತಿ ಆಚೆ ಹಾಕಬೇಕು. ಗುದ್ದಲಿ ಹಿಡಿದ ಮನೆಗೆ, ಜಮೀನಿರಲಿ ಬಿಡಲಿ, ನೀರಿನಲ್ಲಿ ಪಾಲು. ಸರದಿ ಗೊತ್ತುಮಾಡುವ ಕಡೆ ಮಾತು. ಗಂಗಮ್ಮನ ಊಟದಲ್ಲಿ ಒಂದೇ ಪಂಕ್ತಿ. ಇಷ್ಟನ್ನು ಮೊದಲು ಬರೆದಿಟ್ಟುಕೊಂಡು ಕೆಲಸಕ್ಕೆ ಇಳಿಯೋಣ. ಮೇಷ್ಟ್ರೇ, ಮಕ್ಕಳಿಗೆ ತಲಪರಿಗೆ ತೋರಿಸಲು ಹೋದಾಗ ಕೇರಿಯ ಮುದುಕ ನೀರಗಂಟಿಯನ್ನೂ ಕರೆದುಕೊಂಡು ಹೋಗಿ. ಪಾಠ ಅವನು ಹೇಳಲಿ.