ಲೂಟಿ ಮಕ್ಕಳು, ಹೊಳೆಯಾಚೆಯ ಡಾಕ್ಟರು

ನಮ್ಮ ಕರಾವಳಿಯಲ್ಲಿ ಒಂದು ಕಡೆ ಕೂರದ ಮಗುವಿಗೆ ‘ಲೂಟಿ’ ಜಾಸ್ತಿ ಅನ್ನುತ್ತೇವೆ. ಹೆಚ್ಚಿನವರದ್ದು ಬರೀ ಲೂಟಿಯೇ. ಕೆಲವರದ್ದು ಮಾತ್ರ ಎಡಿಎಚ್‌ಡಿ ಎಂಬ ತೊಂದರೆ. ಗಮನ ನಿಲ್ಲುವುದಿಲ್ಲ, ಕೈಕಾಲು ಸುಮ್ಮನಿರುವುದಿಲ್ಲ, ಓದು ಹಿಂದೆ ಬೀಳುತ್ತದೆ. ಪೆಟ್ಟು ಬಿದ್ದರೂ ಸರಿಯಾಗುವುದಿಲ್ಲ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಲ್ಲ. 1902ರಲ್ಲೇ ಲಂಡನ್ನಿನಲ್ಲಿ ಡಾಕ್ಟರ್ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಈಗಲೂ ಕೊಡುವ ಮೀಥೈಲ್‌ಫೆನಿಡೇಟ್ ಔಷಧ 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾಯಿತು. ತಯಾರಿಸಿದವರು ಹೆಂಡತಿ ರೀಟಾಳ ಹೆಸರಿನಿಂದ ಅದನ್ನು ರಿಟಾಲಿನ್ ಎಂದು ಕರೆದರು.

ಬೆಂಗ್ರೆ ಅಂದರೆ ಕಡಲಿಗೂ ಫಲ್ಗುಣಿ ಹೊಳೆಗೂ ನಡುವಿನ ಮರಳಪಟ್ಟಿ. ಮೊಗವೀರರೂ ಬ್ಯಾರಿಗಳೂ ಇರುವ ಊರು. ದೋಣಿ ಹತ್ತಿ ಬಂದರಿನಲ್ಲಿ ಇಳಿದರೆ 1848ರಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆ ದೂರವಿಲ್ಲ. ರಸ್ತೆಯಲ್ಲಾದರೆ ತಣ್ಣೀರುಬಾವಿ, ಕೂಳೂರು ಅಂತ ಸುತ್ತು. ಆದರೆ ಚಿಕಿತ್ಸೆ ತಡವಾದದ್ದು ಹೊಳೆಯಿಂದಲ್ಲ.

1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಮನೋರೋಗದ ತರಬೇತಿ ಕೊಟ್ಟರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅಲ್ಲಿನ ಮುಖ್ಯ ಚಿಂತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗ. ಲೂಟಿ ಮಗುವಿನ ಸರದಿ ಬಂದದ್ದು 2013ರಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಎಡಿಎಚ್‌ಡಿ ಸೇರಿದಾಗ. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು.

ಪಟ್ಟಿಯಲ್ಲಿ ಹೆಸರು ಬಂತು, ದಾರಿ ಮಾತ್ರ ಪೂರ್ತಿ ತೆರೆಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ರಿಟಾಲಿನ್ ಜಾತಿಯ ಮಾತ್ರೆ ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಅದನ್ನು ಮಾರಲು ಬೇರೆಯೇ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿ ಬೇಕು. ಹಾಗಾಗಿ ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದಿಲ್ಲ. ದುರುಪಯೋಗ ತಡೆಯಲು ಮಾಡಿದ ನಿಯಮ, ತಪ್ಪು ಅನ್ನಲಾರೆ. ಆದರೆ ಅಲೆಯುವುದು ತಾಯಿ.

ಇದಕ್ಕಿಂತ ದೊಡ್ಡದು ಮಾತಿನ ತೊಡಕು ಅಂತ ನನಗನಿಸುತ್ತದೆ. ಎಡಿಎಚ್‌ಡಿಯನ್ನು ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನ್‌ನಲ್ಲೋ ಕಂಡುಹಿಡಿಯಲಾಗದು. ಮನೆಯಲ್ಲಿ ಮಗು ಹೇಗಿರುತ್ತದೆ ಅಂತ ತಾಯಿ ಹೇಳಬೇಕು, ತರಗತಿಯಲ್ಲಿ ಹೇಗೆ ಅಂತ ಟೀಚರ್ ಹೇಳಬೇಕು. ಬೆಂಗ್ರೆಯ ಮನೆಗಳಲ್ಲಿ ತುಳು, ಬ್ಯಾರಿ. ಶಾಲೆಯಲ್ಲಿ ಕನ್ನಡ. ಚೀಟಿ ಇಂಗ್ಲಿಷ್. ಅಮೆರಿಕದಲ್ಲೂ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೋ ಕುಟುಂಬಗಳಿಗೆ ಇದೇ ತೊಡಕು. ಅಲ್ಲಿನ ಬಿಳಿಯ ಮಕ್ಕಳಿಗೆ ಹೋಲಿಸಿದರೆ ಲ್ಯಾಟಿನೋ ಮಕ್ಕಳಲ್ಲಿ ಎಡಿಎಚ್‌ಡಿ ಪತ್ತೆಯೂ ಚಿಕಿತ್ಸೆಯೂ ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ.

ಶಾಲೆಗೆ ತಪಾಸಣೆ ತಂಡ ಬರುವ ದಿನ ಯಾವುದೆಂದು ಟೀಚರ್ ಬಳಿ ಕೇಳಿಟ್ಟುಕೊಳ್ಳಿ. ಆ ದಿನ ಹೋಗಿ ನಿಮಗೆ ಬರುವ ಭಾಷೆಯಲ್ಲೇ ಹೇಳಿ. ಅಷ್ಟು ಕಾಯಲಾಗದಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.