ಎಟಿವಿಯನ್ನು ಪಿಕಪ್‌ಗೆ ಹತ್ತಿಸಲು ಗಟ್ಟಿ ಹಲಗೆ ಇದ್ದರೆ ಸಾಕೇ?

ಸಾಲದು. ನಾಲ್ಕು ಚಕ್ರದ ಎಟಿವಿ ಬೈಕ್ ಹತ್ತಿಸುವಾಗ ಹಲಗೆ ಮುರಿಯುವುದೊಂದೇ ಅಪಾಯವಲ್ಲ. ಹಲಗೆ ಜಾರಬಹುದು, ಎಟಿವಿ ಹಿಂದಕ್ಕೆ ಮಗುಚಿ ಸವಾರನ ಮೇಲೆಯೇ ಬೀಳಬಹುದು. ಹಾಗಾಗಿ ರ‍್ಯಾಂಪ್ ಆರಿಸುವಾಗ ಮೂರು ವಿಷಯ ನೋಡಿ.

ಉದ್ದ: ಪಿಕಪ್‌ನ ತಳ 3 ಅಡಿ ಎತ್ತರವಿದ್ದರೆ, 6 ಅಡಿ ರ‍್ಯಾಂಪ್‌ನ ಏರು 30 ಡಿಗ್ರಿ, 8 ಅಡಿಯದ್ದಾದರೆ ಸುಮಾರು 22 ಡಿಗ್ರಿ. ಏರು ಕಡಿಮೆಯಾದಷ್ಟೂ ಮಗುಚುವ ಭಯ ಕಡಿಮೆ.

ಭಾರ: 300 ಕೆಜಿ ಎಟಿವಿ, 75 ಕೆಜಿ ಸವಾರ ಸೇರಿದರೆ 375 ಕೆಜಿ. ರ‍್ಯಾಂಪ್ ಮೇಲೆ ಬರೆದ ಮಿತಿ ಇದಕ್ಕಿಂತ ಹೆಚ್ಚಿರಬೇಕು. ಆ ಮಿತಿ ಒಂದಕ್ಕೋ ಜೋಡಿಗೋ ಎಂದೂ ಓದಿ.

ಕಟ್ಟು: ಹತ್ತುವಾಗ ತಿರುಗುವ ಚಕ್ರ ರ‍್ಯಾಂಪನ್ನು ಹಿಂದಕ್ಕೆ ತಳ್ಳುತ್ತದೆ. ಬೆಲ್ಟ್ ಅಥವಾ ಸರಪಳಿಯಿಂದ ಪಿಕಪ್‌ಗೆ ಬಿಗಿಯಲು ಬರುವ ರ‍್ಯಾಂಪನ್ನೇ ಕೊಳ್ಳಿ, ಪ್ರತಿ ಸಲವೂ ಬಿಗಿಯಿರಿ.